ನಡುಗೆರೆಯ ಹುಡುಗಿಯರು

ಐದಡಿ ಎರಡಂಗುಲ! ಶ್ಯಾನನ್ ಬಾಬಿಟ್ ಎಂಬ ಹುಡುಗಿಯ ಎತ್ತರ ಅಷ್ಟೇ. ಹಿಂದೂಪುರದ ಯಾವುದೇ ಜೂನಿಯರ್ ಕಾಲೇಜಿನ ಗೇಟಿನ ಹತ್ತಿರ ಸಂಜೆ ಹೊತ್ತು ನಿಂತರೆ ಅಷ್ಟೆತ್ತರದ ಹುಡುಗಿಯರು ಗುಂಪುಗುಂಪಾಗಿ ಬಸ್ಸಿಗೆ ಓಡುವುದು ಕಾಣುತ್ತದೆ. ರಿಂಗ್ ಇರುವುದು ಹತ್ತಡಿ ಮೇಲೆ, ಬ್ಯಾಸ್ಕೆಟ್‌ಬಾಲ್ ಉದ್ದನೆಯವರ ಆಟ ಎಂದು ನಾವೆಲ್ಲ ನಂಬಿಕೊಂಡು ಬಂದಿದ್ದೇವೆ. ಆದರೆ ಅಮೆರಿಕದ ಟೆನೆಸ್ಸಿ ವಿಶ್ವವಿದ್ಯಾಲಯದ ಮಹಾ ಕೋಚ್ ಪ್ಯಾಟ್ ಸಮಿಟ್, ಟೆಕ್ಸಾಸಿನ ಟ್ರಿನಿಟಿ ವ್ಯಾಲಿ ಎಂಬ ಎರಡು ವರ್ಷದ ಕಾಲೇಜಿನಲ್ಲಿ ಆಡುತ್ತಿದ್ದ ಈ ಪುಟ್ಟ ಹುಡುಗಿಯನ್ನು ಹುಡುಕಿ ಕರೆತಂದರು. 2007ರಲ್ಲಿ ಟೆನೆಸ್ಸಿ ರಾಷ್ಟ್ರೀಯ ಚಾಂಪಿಯನ್. 2008ರಲ್ಲಿ ಮತ್ತೆ ಚಾಂಪಿಯನ್! ಎರಡು ವರ್ಷವೂ ತಂಡದ ಪಾಯಿಂಟ್ ಗಾರ್ಡ್ ಅವಳೇ.

ಪಾಯಿಂಟ್ ಗಾರ್ಡ್ ಅಂದರೆ ಚೆಂಡನ್ನು ಮೇಲಕ್ಕೆ ಒಯ್ಯುವವಳು, ಯಾರು ಎಲ್ಲಿ ನಿಲ್ಲಬೇಕೆಂದು ಹೇಳುವವಳು, ಕೊನೆಗೆ ಚೆಂಡನ್ನು ಇನ್ನೊಬ್ಬಳ ಕೈಗೆ ದಾಟಿಸುವವಳು. ಅವಳನ್ನು ಆರಿಸುವುದೇ ಒಂದು ಸೋಜಿಗ. ಎತ್ತರವನ್ನು ಟೇಪಿನಲ್ಲಿ ಅಳೆಯಬಹುದು, ಜಿಗಿತವನ್ನು ಗೋಡೆಯ ಮೇಲೆ ಗುರುತು ಹಾಕಬಹುದು. ಇವಳ ವಿದ್ಯೆ ಇರುವುದು ಕಣ್ಣಿನಲ್ಲಿ, ಗಂಟಲಿನಲ್ಲಿ! ಡ್ರಿಬಲ್ ಮಾಡುವಾಗ ನೋಟ ಚೆಂಡಿನ ಮೇಲಿದೆಯೋ ಅಂಗಳದ ಮೇಲಿದೆಯೋ, ಚೆಂಡು ಕಳೆದುಕೊಂಡ ಮರುಕ್ಷಣ ಹಿಂದಕ್ಕೆ ಓಡುತ್ತಾಳೋ ತಲೆ ತಗ್ಗಿಸಿ ನಿಲ್ಲುತ್ತಾಳೋ, ಜೊತೆಯವಳು ತಪ್ಪಿದಾಗ ಏನನ್ನುತ್ತಾಳೆ, ಇವನ್ನೆಲ್ಲ ನೋಡುತ್ತಾರೆ ಕಾಲೇಜು ಕೋಚ್‌ಗಳು. ಕನೆಕ್ಟಿಕಟ್ ವಿಶ್ವವಿದ್ಯಾಲಯದ ಜೀನೊ ಔರಿಯಮ್ಮಾ ಅವರಂತೂ ಬೆಂಚಿನ ಮೇಲೆ ಕೂತ ಆಟಗಾರ್ತಿಯರ ಹಾವಭಾವವನ್ನೂ ವಿಡಿಯೋದಲ್ಲಿ ನೋಡುತ್ತೇನೆಂದು ಬಹಿರಂಗವಾಗಿ ಹೇಳಿದವರು.

ಈಗ ಅಯೋವಾದ ಕಥೆ ಕೇಳಿ, ಮೈ ನವಿರೇಳುತ್ತದೆ.

ಜೋಳದ ಹೊಲಗಳ ಆ ರಾಜ್ಯದ ಹೈಸ್ಕೂಲು ಹುಡುಗಿಯರು 1993ರವರೆಗೂ ಆಡಿದ್ದು ಆರಾರು ಜನರ ಬೇರೆಯೇ ಬ್ಯಾಸ್ಕೆಟ್‌ಬಾಲ್. ತಡೆಯುವ ಮೂವರು ಗಾರ್ಡ್‌ಗಳು ಅಂಗಳದ ಈ ಅರ್ಧದಲ್ಲಿ, ಅಂಕ ಗಳಿಸುವ ಮೂವರು ಫಾರ್ವರ್ಡ್‌ಗಳು ಆ ಅರ್ಧದಲ್ಲಿ. ನಡುಗೆರೆ ದಾಟುವಂತಿಲ್ಲ! ಎರಡಕ್ಕಿಂತ ಹೆಚ್ಚು ಸಲ ಚೆಂಡು ಪುಟಿಸುವಂತಿಲ್ಲ. ಗಾರ್ಡ್ ಆದವಳಿಗೆ ರಿಂಗಿನತ್ತ ಚೆಂಡು ಎಸೆಯುವ ಅವಕಾಶ ಇಡೀ ಪಂದ್ಯದಲ್ಲಿ ಒಮ್ಮೆಯೂ ಇಲ್ಲ. ಹೆಣ್ಣುಮಕ್ಕಳಿಗೆ ಅಷ್ಟು ಓಟ ಆಗಿಬರುವುದಿಲ್ಲ ಎಂಬ ಹಳೆಯ ಕಾಲದ ನಂಬಿಕೆಯಿಂದ ಹುಟ್ಟಿದ ನಿಯಮಗಳಿವು. ಆ ಆಟವನ್ನೇ ಆಡಿ ಬೆಳೆದವರು ಲೀಸಾ ಬ್ಲೂಡರ್ ಮತ್ತು ಜ್ಯಾನ್ ಜೆನ್ಸನ್. ಜೆನ್ಸನ್ 1987ರಲ್ಲಿ ಪಂದ್ಯಕ್ಕೆ ಸರಾಸರಿ 66 ಅಂಕ ಗಳಿಸಿದ್ದರು, ಅರ್ಧ ಅಂಗಳದಲ್ಲೇ ನಿಂತು! ಮುಂದೆ ಇಬ್ಬರೂ ಅಯೋವಾ ವಿಶ್ವವಿದ್ಯಾಲಯದ ಕೋಚ್‌ಗಳಾದರು, ತಮ್ಮದೇ ರಾಜ್ಯದ ಒಬ್ಬ ಹುಡುಗಿಯನ್ನು ಪಾಯಿಂಟ್ ಗಾರ್ಡ್ ಆಗಿ ಆರಿಸಿ ತಂದರು. ಅವಳೇ ಕೇಟ್ಲಿನ್ ಕ್ಲಾರ್ಕ್. ನಡುಗೆರೆಯ ಹತ್ತಿರದಿಂದಲೇ ಚೆಂಡೆಸೆದು ರಿಂಗಿಗೆ ಬೀಳಿಸುವವಳು! 2024ರಲ್ಲಿ ಕಾಲೇಜು ಮುಗಿಸುವಾಗ ಅವಳ ಲೆಕ್ಕದಲ್ಲಿ 3,951 ಅಂಕ. ಅಮೆರಿಕದ ಮೊದಲ ದರ್ಜೆಯ ಕಾಲೇಜು ಬ್ಯಾಸ್ಕೆಟ್‌ಬಾಲಿನಲ್ಲಿ ಗಂಡು ಹೆಣ್ಣು ಯಾರೂ ಅಷ್ಟು ಗಳಿಸಿರಲಿಲ್ಲ. ನನ್ನ ಕಣ್ಣರಳಿಸಿದ್ದು ಅದರ ಪಕ್ಕದ ಅಂಕಿ: 1,144 ಅಸಿಸ್ಟ್‌ಗಳು. ಅಷ್ಟು ಸಲ ಅವಳು ಕೊಟ್ಟ ಚೆಂಡನ್ನು ಇನ್ನೊಬ್ಬಳು ರಿಂಗಿಗೆ ಹಾಕಿದ್ದಾಳೆ.

ನಡುಗೆರೆ ದಾಟಬಾರದು, ಬೇರೆಯವಳಿಗೆ ಒಪ್ಪಿಸಲೇಬೇಕು. ಈ ನಿಯಮವನ್ನು ಎಲ್ಲೋ ಕಂಡಿದ್ದೇನಲ್ಲ ಅಂದುಕೊಂಡೆ. ಕಂಡಿದ್ದೇನೆ! ನೀವೂ ಕಂಡಿದ್ದೀರಿ. ಖೋ-ಖೋ!

ಹಿಂದೂಪುರದಿಂದ ಮಡಕಶಿರಾ, ಕಲ್ಯಾಣದುರ್ಗ, ರಾಯದುರ್ಗದವರೆಗೆ, ಕನ್ನಡ ತೆಲುಗು ಎರಡೂ ಒಂದೇ ಉಸಿರಿನಲ್ಲಿ ಬರುವ ಈ ಸೀಮೆಯ ಶಾಲೆಗಳಿಗೆ ಖೋ-ಖೋ ಹೊಸದಲ್ಲ. ಎಂಟು ಜನ ಸಾಲಾಗಿ ಕುಕ್ಕರಗಾಲಲ್ಲಿ ಕೂತಿರುತ್ತಾರೆ, ಒಬ್ಬಳ ಮುಖ ಆ ಕಡೆ, ಪಕ್ಕದವಳ ಮುಖ ಈ ಕಡೆ. ಅಟ್ಟಿಸಿಕೊಂಡು ಹೋಗುವವಳು ತುದಿಯ ಕಂಬ ತಲುಪುವವರೆಗೆ ನಡುಗೆರೆ ದಾಟುವಂತಿಲ್ಲ, ಹಿಡಿದ ದಿಕ್ಕನ್ನು ಬದಲಿಸುವಂತಿಲ್ಲ. ಓಡುವವಳು ಸಾಲಿನ ಸಂದಿಯಲ್ಲಿ ನುಸುಳಿ ಆಚೆ ಹೋದಳೋ, ಆಚೆ ಮುಖ ಮಾಡಿ ಕೂತವಳ ಬೆನ್ನು ತಟ್ಟಿ 'ಖೋ' ಅನ್ನಲೇಬೇಕು. ಯಾರಿಗೆ ಕೊಡಲಿ, ಈಗಲೇ ಕೊಡಲೇ, ಕೊಡುವಂತೆ ನಟಿಸಿ ಇನ್ನೊಂದು ಹೆಜ್ಜೆ ಮುಂದೆ ಹೋಗಲೇ? ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನ ಆಗಬೇಕು. ಪಾಯಿಂಟ್ ಗಾರ್ಡ್‌ಗೆ ಬೇಕಾದದ್ದೂ ಇದೇ ತೀರ್ಮಾನ, ಇದೇ ಕಣ್ಣು, ಇದೇ ಗಂಟಲು! 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ ಫೈನಲ್‌ನಲ್ಲಿ ನಮ್ಮ ಹುಡುಗಿಯರು ನೇಪಾಳವನ್ನು 78-40ರಿಂದ ಸೋಲಿಸಿದಾಗ ಮಿಂಚಿದ ಬಿ. ಚೈತ್ರಾ ಬಂದದ್ದು ಮೈಸೂರು ಜಿಲ್ಲೆಯ ಕುರುಬೂರು ಎಂಬ ಹಳ್ಳಿಯಿಂದ.

ಹಳ್ಳಿಯ ಹುಡುಗಿಯನ್ನು ಗುರುತಿಸಿ ಮೇಲೆ ತರುವ ಕೆಲಸ ಅನಂತಪುರ ಸೀಮೆಯಲ್ಲಿ ಆಗಲೇ ನಡೆದಿದೆ. ಸ್ಪೇನಿನ ವಿಸೆಂಟ್ ಫೆರರ್ 1969ರಲ್ಲಿ ಇಲ್ಲಿಗೆ ಬಂದು ಕಟ್ಟಿದ ಆರ್‌ಡಿಟಿ (ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್) ಸಂಸ್ಥೆಗೆ ಅನಂತಪುರದಲ್ಲಿ ದೊಡ್ಡ ಕ್ರೀಡಾಗ್ರಾಮವೇ ಇದೆ. ಅಲ್ಲಿ ಪಳಗಿದ ರೈತ ಕುಟುಂಬದ ಬಾರೆಡ್ಡಿ ಅನೂಷಾ 2023ರಲ್ಲಿ ಭಾರತ ಕ್ರಿಕೆಟ್ ತಂಡದ ಟೋಪಿ ತೊಟ್ಟಳು. ಕ್ರಿಕೆಟ್‌ನಲ್ಲಿ ಆದದ್ದು ಬ್ಯಾಸ್ಕೆಟ್‌ಬಾಲಿನಲ್ಲಿ ಯಾಕಾಗಬಾರದು? ದಾರಿ ಇದ್ದೇ ಇದೆ. ಹಿಂದೂಪುರ, ಕಲ್ಯಾಣದುರ್ಗದ ಡಿಗ್ರಿ ಕಾಲೇಜುಗಳು ಅನಂತಪುರದ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೆ ಸೇರಿದವು. ಅಂತರ ಕಾಲೇಜು ಪಂದ್ಯದಲ್ಲಿ ಕಣ್ಣಿಗೆ ಬಿದ್ದರೆ ವಿಶ್ವವಿದ್ಯಾಲಯದ ತಂಡ, ಅಲ್ಲಿಂದ ದಕ್ಷಿಣ ವಲಯ, ಆಮೇಲೆ ಅಖಿಲ ಭಾರತ. ಇತ್ತ ಹಿಂದೂಪುರದಿಂದ ಬೆಂಗಳೂರಿಗೆ ನೂರು ಕಿಲೋಮೀಟರ್ ಆಸುಪಾಸು. ಅದೇ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ 2017ರ ಜುಲೈನಲ್ಲಿ ಭಾರತದ ಮಹಿಳೆಯರು ಕಜಕಸ್ತಾನವನ್ನು 75-73ರಿಂದ ಮಣಿಸಿ ಏಷ್ಯಾ ಕಪ್‌ನ ಮೇಲಿನ ವಿಭಾಗಕ್ಕೆ ಏರಿದರು. ಎರಡೇ ಅಂಕದ ಅಂತರ! ಕರ್ನಾಟಕದ ಗಾರ್ಡ್ ಪಿ.ಯು. ನವನೀತಾ ಆ ತಂಡದಲ್ಲಿದ್ದರು. ಅಮೆರಿಕದ ಬಾಗಿಲೂ ತೆರೆದಿದೆ: ಗಾರ್ಡ್ ಕವಿತಾ ಅಕುಲ ಅರಿಜೋನಾದ ಗ್ರ್ಯಾಂಡ್ ಕ್ಯಾನ್ಯನ್ ವಿಶ್ವವಿದ್ಯಾಲಯಕ್ಕೂ, ಬೆಂಗಳೂರಿನ ಸಂಜನಾ ರಮೇಶ್ ಅದೇ ರಾಜ್ಯದ ನಾರ್ದರ್ನ್ ಅರಿಜೋನಾಕ್ಕೂ ಆಡಿದವರು.

ಆದ್ದರಿಂದ ಡ್ರಿಲ್ ಮೇಷ್ಟ್ರೇ, ಮುಂದಿನ ಮಂಡಲ ಮಟ್ಟದ ಖೋ-ಖೋ ಪಂದ್ಯಕ್ಕೆ ಹೋಗುವಾಗ ಜೇಬಿನಲ್ಲೊಂದು ಚೀಟಿ ಇಟ್ಟುಕೊಳ್ಳಿ. ಹೆಚ್ಚು ಜನರನ್ನು ಔಟ್ ಮಾಡಿದವಳ ಹೆಸರು ಹೇಗೂ ಮೈಕಿನಲ್ಲಿ ಕೂಗುತ್ತಾರೆ. ನೀವು ಬರೆದುಕೊಳ್ಳಬೇಕಾದದ್ದು ಅವಳಿಗೆ ಸರಿಯಾದ ಗಳಿಗೆಯಲ್ಲಿ ಖೋ ಕೊಟ್ಟವಳ ಹೆಸರು. ಹೆಂಗಸರ ಆಟದ ಆರನೇ ಸೈಜಿನ ಚೆಂಡೊಂದನ್ನು ಅವಳ ಕೈಗೆ ಕೊಡಿ. ರಿಂಗಿನ ಮಾತು ಸದ್ಯಕ್ಕೆ ಬೇಡ. ಮೊದಲು ಎಡಗೈಯಲ್ಲಿ ಪುಟಿಸಲಿ, ತಲೆ ಎತ್ತಿ ಪುಟಿಸಲಿ. ನೀವು ಎದುರು ನಿಂತು ಬೆರಳು ಎತ್ತಿ ತೋರಿಸುತ್ತಿರಿ, ಎಷ್ಟು ಬೆರಳೆಂದು ಅವಳು ಓಡುತ್ತಲೇ ಕೂಗಿ ಹೇಳಲಿ, ಕನ್ನಡದಲ್ಲಾದರೂ ಸರಿ, ತೆಲುಗಿನಲ್ಲಾದರೂ ಸರಿ.