ಚಹಾದಂಗಡಿಯ ಕಿಡಿಹಗ್ಗ: ಧೂಮಪಾನ ನಿಷೇಧ ಮತ್ತು ಆತಿಥ್ಯದ ವ್ಯಾಪಾರ

ಉತ್ತರ ಕರ್ನಾಟಕದ ಜನಪದರಲ್ಲಿ ಆತಿಥ್ಯವೆಂಬುದು ಉಣಿಸುವುದರೊಂದಿಗೆ ಮುಗಿಯುವುದಿಲ್ಲ. ಉಂಡವರ ಮುಂದೆ ಎಲೆ, ಅಡಿಕೆ, ತಂಬಾಕುಗಳನ್ನಿಡುವುದೂ ಅದರ ಅಂಗವಾಗಿತ್ತು. ವೀಳ್ಯದೆಲೆಗೆ ಹೆಸರಾದ ಸವಣೂರು ಸೀಮೆಯಲ್ಲಿ ಈ ರೂಢಿ ಮನೆಯ ಪಡಸಾಲೆಯಿಂದ ಚಹಾದಂಗಡಿಗೂ ಖಾನಾವಳಿಗೂ ಸಾಗಿ ವ್ಯಾಪಾರದ ರೂಪ ತಾಳಿತು. ರೈಲು ನಿಲ್ದಾಣವುಳ್ಳ ಯಲವಿಗಿಯಂತಹ ಊರುಗಳಲ್ಲಿ ಚಹಾ ಮತ್ತು ಬೀಡಿ ಒಂದೇ ಗಿರಾಕಿಯ ಎರಡು ಬೇಡಿಕೆಗಳು. ತುದಿಗೆ ಕಿಡಿ ಹತ್ತಿಸಿ ಅಂಗಡಿಯ ಕಂಬಕ್ಕೆ ತೂಗುಬಿಟ್ಟ ಹಗ್ಗ ಈ ಜೋಡಿ ವ್ಯಾಪಾರದ ಗುರುತಾಗಿತ್ತು.

ಈ ಗುರುತಿಗೇ ಕಾನೂನು ತಡೆಯೊಡ್ಡಿತು. 2003ರ ಕೇಂದ್ರ ಅಧಿನಿಯಮದಡಿ ರಚಿತವಾದ ನಿಯಮಗಳು 2008ರ ಅಕ್ಟೋಬರ್ 2ರಂದು ಜಾರಿಗೆ ಬಂದವು. ಉಪಾಹಾರಗೃಹಗಳಲ್ಲಿ ಧೂಮಪಾನ ನಿಷಿದ್ಧವಾಯಿತು. ಬೂದಿಬಟ್ಟಲು, ಬೆಂಕಿಪೊಟ್ಟಣ ಮೊದಲಾಗಿ ಸೇದಲು ನೆರವಾಗುವ ಯಾವ ವಸ್ತುವನ್ನೂ ಅಲ್ಲಿ ಒದಗಿಸುವಂತಿಲ್ಲ. ದೂರು ಬಂದರೂ ಕ್ರಮ ಕೈಗೊಳ್ಳದ ಮಾಲೀಕನೂ ದಂಡಕ್ಕೆ ಗುರಿಯಾಗುತ್ತಾನೆ. ಆದರೆ ಬೀಡಿಯ ಮಾರಾಟವೇ ನಿಷಿದ್ಧವಾಗಲಿಲ್ಲ. ಹೀಗಾಗಿ ತಾನು ಮಾರಿದ ಬೀಡಿಯನ್ನು ತನ್ನ ಅಂಗಡಿಯಲ್ಲಿ ಹಚ್ಚದಂತೆ ತಾನೇ ತಡೆಯಬೇಕಾದ ಇಕ್ಕಟ್ಟು ವ್ಯಾಪಾರಿಗೆ ಒದಗಿತು. 30 ಅಥವಾ ಹೆಚ್ಚು ಆಸನಗಳುಳ್ಳ ಉಪಾಹಾರಗೃಹಗಳು ಪ್ರತ್ಯೇಕ ಧೂಮಪಾನ ಸ್ಥಳ ಹೊಂದಬಹುದು. ಎರಡು ಬೆಂಚುಗಳ ಚಹಾದಂಗಡಿಗೆ ಈ ವಿನಾಯಿತಿ ದೊರೆಯದು.

ನಿಷೇಧದಿಂದ ಗಿರಾಕಿಗಳು ತಪ್ಪಿಹೋಗುವರೆಂಬ ಭಯ ಹಲವು ದೇಶಗಳಲ್ಲಿ ವ್ಯಕ್ತವಾಗಿದೆ. 2003ರಲ್ಲಿ ಪ್ರಕಟವಾದ ಒಂದು ವಿಮರ್ಶೆಯಲ್ಲಿ ಸ್ಕಾಲೊ ಮತ್ತು ಸಂಗಡಿಗರು 97 ಅಧ್ಯಯನಗಳನ್ನು ಪರಿಶೀಲಿಸಿದರು. ಉತ್ತಮ ವಿನ್ಯಾಸದ ಅಧ್ಯಯನಗಳೆಲ್ಲವೂ ಮಾರಾಟ ಅಥವಾ ಉದ್ಯೋಗದಲ್ಲಿ ನಷ್ಟವಿಲ್ಲವೆಂದೋ ಲಾಭವಿದೆಯೆಂದೋ ಹೇಳಿದ್ದವು. ನಷ್ಟವೆಂದು ತೀರ್ಮಾನಿಸಿದವುಗಳ ಹಿಂದೆ ತಂಬಾಕು ಉದ್ಯಮದ ನೆರವಿತ್ತು. ಆದರೆ ಇಂತಹ ಅಳತೆಗೆ ಆಧಾರವಾಗುವುದು ತೆರಿಗೆ ಮತ್ತು ಉದ್ಯೋಗದ ದಾಖಲೆಗಳು. ಹಳ್ಳಿಯ ಚಹಾದಂಗಡಿಯ ಲೆಕ್ಕ ಗಲ್ಲಾಪೆಟ್ಟಿಗೆಯಲ್ಲಿಯೇ ಮುಗಿಯುತ್ತದೆ. ಆದ್ದರಿಂದ ಆ ತೀರ್ಮಾನವನ್ನು ಇಲ್ಲಿಗೆ ನೇರವಾಗಿ ಅನ್ವಯಿಸಲಾಗದು. ಚಹಾದ ಗಳಿಕೆಯನ್ನೂ ಬೀಡಿಯ ಗಳಿಕೆಯನ್ನೂ ಬೇರೆಬೇರೆಯಾಗಿ ತೂಗಬೇಕಾಗುತ್ತದೆ. ನಿಯಮವು ಎಲ್ಲ ಅಂಗಡಿಗಳಿಗೂ ಸಮನಾಗಿ ಜಾರಿಯಾದರೆ ಚಹಾದ ಗಿರಾಕಿ ಬೇರೆಡೆ ಹೋಗಲು ಕಾರಣವಿಲ್ಲ. ಒಂದೇ ಅಂಗಡಿಯ ಮೇಲೆ ಹೇರಿದರೆ ಮಾತ್ರ ನಷ್ಟ ಆ ಒಬ್ಬನ ಪಾಲಾಗುತ್ತದೆ.

2025ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಕರ್ನಾಟಕದ ತಿದ್ದುಪಡಿಯು ದಂಡದ ಮಿತಿಯನ್ನು 200 ರೂಪಾಯಿಗಳಿಂದ 1,000ಕ್ಕೆ, ತಂಬಾಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿತು. ಹುಕ್ಕಾ ಬಾರುಗಳನ್ನು ನಿಷೇಧಿಸಿತು. ಇದರಿಂದ ಸಣ್ಣ ವ್ಯಾಪಾರಿಯ ಹೊಣೆ ಮತ್ತಷ್ಟು ಹೆಚ್ಚಿದೆ.

ಗಿರಾಕಿ ಗಳಿಗೆಹೊತ್ತು ಕುಳಿತು ಎದ್ದುಹೋಗುತ್ತಾನೆ. ಒಲೆಯ ಮುಂದೆ ನಿಂತವನೂ ಲೋಟ ತೊಳೆಯುವವನೂ ದಿನವಿಡೀ ಆ ಹೊಗೆಯಲ್ಲಿಯೇ ಉಸಿರಾಡುತ್ತಾರೆ. ಲಾಭನಷ್ಟದ ಲೆಕ್ಕದಲ್ಲಿ ಅವರ ಆರೋಗ್ಯವೂ ಸೇರಬೇಕು. ಅತಿಥಿಯಷ್ಟೇ ಅಲ್ಲದೆ ಉಪಚರಿಸುವವನೂ ಕ್ಷೇಮವಾಗಿರುವುದೇ ನಿಜವಾದ ಆತಿಥ್ಯ.