ಹೊಂಡದ ಮೀನುಗಳ ಹಠಾತ್ ಸಾವು: ವಿಷವೋ, ಉಸಿರುಗಟ್ಟಿಯೋ?



ಕಳೆದ ತಪಸ್ಸು ಕಾಲದಲ್ಲಿ ತಳಿ ರಸ್ತೆಯ ಕಡೆಯ ಒಂದು ಮನೆಯವರು ಬೆಳಿಗ್ಗೆ ಎದ್ದು ನೋಡುವಾಗ ಅವರ ಹೊಂಡದಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಇಪ್ಪತ್ತು ಸೆಂಟಿನ ಹೊಂಡ. ಕಾಟ್ಲಾ, ರೋಹು, ಗೆಂಡೆ ಮರಿಗಳನ್ನು ಬಿಟ್ಟು ಹತ್ತು ತಿಂಗಳು ಸಾಕಿದ್ದರು. ಶುಕ್ರವಾರಗಳಂದು ಮೀನಿಗೆ ಒಳ್ಳೆಯ ಬೆಲೆ ಸಿಗುತ್ತದೆ, ಆ ಹಣದಲ್ಲಿ ಮಗಳ ಕಾಲೇಜಿನ ಫೀಸು ಕಟ್ಟಬಹುದು ಎಂದು ಲೆಕ್ಕ ಹಾಕಿಕೊಂಡಿದ್ದರು.

ಪಕ್ಕದಲ್ಲೇ ದಾಯಾದಿಗಳ ಗುಲಾಬಿ ತೋಟ. ಹಿಂದಿನ ಸಂಜೆ ಆ ತೋಟಕ್ಕೆ ಔಷಧಿ ಹೊಡೆದಿದ್ದರು. ಇಷ್ಟು ಸಾಕಾಯಿತು. ನಾವು ಎಂಟು ಗಂಟೆಗೆ ಅಲ್ಲಿ ತಲುಪುವಷ್ಟರಲ್ಲಿ ಎರಡು ಮನೆಯ ಹೆಂಗಸರೂ ಬದುವಿನ ಮೇಲೆ ನಿಂತು ಕೂಗಾಡುತ್ತಿದ್ದರು. "ಅಣ್ಣಾ, ಔಷಧಿ ಹೊಡೆದದ್ದು ನಿಜ, ಇಲ್ಲ ಅನ್ನಲ್ಲ. ಆದರೆ ನಿನ್ನ ಹೊಂಡದ ಕಡೆ ನಾನು ಬರಲೇ ಇಲ್ಲ" ಎಂದು ತೋಟದವನು ಹೇಳುತ್ತಿದ್ದ. ಪೊಲೀಸ್ ಠಾಣೆಗೆ ಹೋಗಲು ಹೊಂಡದವರು ಬೈಕ್ ತೆಗೆದಿದ್ದರು.

ಅರ್ಧ ಗಂಟೆ ಕಾಯಿರಿ ಎಂದು ಕೇಳಿಕೊಂಡು ನಾವು ಹೊಂಡದ ಸುತ್ತ ಒಂದು ಸುತ್ತು ಬಂದೆವು. ಸತ್ತವು ಹೆಚ್ಚಾಗಿ ದೊಡ್ಡ ಕಾಟ್ಲಾಗಳು. ಬಾಯಿ ತೆರೆದೇ ಇತ್ತು, ಕಿವಿರುಗಳು ಅಗಲವಾಗಿ ಬಿಚ್ಚಿಕೊಂಡಿದ್ದವು. ಸಣ್ಣ ಮೀನುಗಳು ಬದುಕಿದ್ದವು, ಆದರೆ ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಿಡುತ್ತಿದ್ದವು. ಬದಿಯಲ್ಲಿ ಕಪ್ಪೆಗಳು ಹಾರುತ್ತಿದ್ದವು. ನೀರಿನ ಹುಳುಗಳು ಓಡಾಡುತ್ತಿದ್ದವು. ನೀರು ಸೊಪ್ಪಿನ ರಸದಂತೆ ಕಡು ಹಸಿರಾಗಿತ್ತು. ಏನು ಹಾಕಿದ್ದಿರಿ ಎಂದು ಕೇಳಿದಾಗ ಮನೆಯ ಯಜಮಾನರು ಸ್ವಲ್ಪ ತಡೆದು, "ಮೊನ್ನೆ ಎರಡು ಟ್ರಾಲಿ ಕೋಳಿ ಗೊಬ್ಬರ ಬಂದಿತ್ತು, ಸುರಿಸಿಬಿಟ್ಟೆವು" ಎಂದರು. ಅದೂ ಅಲ್ಲದೆ ಎರಡು ದಿನದಿಂದ ಮೋಡ ಮುಚ್ಚಿತ್ತು.

ಅವು ಸತ್ತದ್ದು ವಿಷದಿಂದಲ್ಲ, ಉಸಿರುಗಟ್ಟಿ. ಇದು ಹೇಗೆಂದು ನಾವೆಲ್ಲರೂ ತಿಳಿದಿರಬೇಕು. ಹಸಿರು ಪಾಚಿ ಹಗಲಲ್ಲಿ ಬಿಸಿಲಿನ ಸಹಾಯದಿಂದ ನೀರಿಗೆ ಆಮ್ಲಜನಕವನ್ನು ಕೊಡುತ್ತದೆ. ರಾತ್ರಿ ಅದೇ ಪಾಚಿ ಮೀನಿನಂತೆಯೇ ಆಮ್ಲಜನಕವನ್ನು ಉಸಿರಾಡಿ ಮುಗಿಸುತ್ತದೆ. ಆದ್ದರಿಂದ ಹೊಂಡದಲ್ಲಿ ಆಮ್ಲಜನಕ ಅತಿ ಕಡಿಮೆ ಇರುವುದು ಬೆಳಗಿನ ಜಾವದಲ್ಲಿ. ಮೋಡವಿದ್ದ ದಿನ ಹಗಲಿನ ಸಂಪಾದನೆಯೂ ಕಡಿಮೆ. ಗೊಬ್ಬರ ಕೊಳೆಯುವಾಗ ಅದೂ ತನ್ನ ಪಾಲನ್ನು ಕಿತ್ತುಕೊಳ್ಳುತ್ತದೆ. ಸಾಲದ್ದಕ್ಕೆ ಬೇಸಿಗೆಯ ಬಿಸಿ ನೀರು ಆಮ್ಲಜನಕವನ್ನು ಕಡಿಮೆ ಹಿಡಿಯುತ್ತದೆ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಹಿಡಿದರೆ, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಗೆಂಡೆ ಜಾತಿಯ ಮೀನು ಚೆನ್ನಾಗಿ ಬೆಳೆಯಲು 5 ಮಿಲಿಗ್ರಾಂ ಬೇಕು. ಎರಡಕ್ಕೆ ಇಳಿದರೆ ಮೇಲೆ ಬಂದು ಬಾಯಿ ಬಿಡುತ್ತದೆ. ಇನ್ನೂ ಇಳಿದರೆ ದೊಡ್ಡವು ಮೊದಲು ಹೋಗುತ್ತವೆ.

ಬೆಂಗಳೂರಿನಂಥ ಊರಿನಲ್ಲೂ ಇದೇ ಕಥೆ. 1995ರ ಜೂನ್‌ನಲ್ಲಿ ಸ್ಯಾಂಕಿ ಕೆರೆಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತವು. ವಿಜ್ಞಾನಿಗಳು ನೀರನ್ನು ಪರೀಕ್ಷಿಸಿದಾಗ ಒಳಗೆ ನುಗ್ಗಿದ ಚರಂಡಿ ನೀರಿನಿಂದ ಆಮ್ಲಜನಕ ಒಮ್ಮೆಲೇ ಕುಸಿದಿದ್ದು ತಿಳಿಯಿತು. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯ ದಡದ ತುಂಬಾ ಸತ್ತ ಮೀನು ಬಿದ್ದಿದ್ದನ್ನು ನಮ್ಮಲ್ಲಿ ಅನೇಕರು ಟಿವಿಯಲ್ಲಿ ನೋಡಿರಬಹುದು.

ಹಾಗೆಂದು ಔಷಧಿಯದು ಏನೂ ತಪ್ಪಿಲ್ಲ ಎಂದು ನಾವು ಹೇಳುತ್ತಿಲ್ಲ. ಬಾಗಲೂರು ಕಡೆ ನಾವು ನೋಡಿದ ಇನ್ನೊಂದು ಹೊಂಡದಲ್ಲಿ ಎಲ್ಲವೂ ತಲೆಕೆಳಗು. ಮೀನು ಸತ್ತದ್ದು ನಡು ಮಧ್ಯಾಹ್ನ, ಒಳ್ಳೆಯ ಬಿಸಿಲಿನಲ್ಲಿ. ಮರಿಗಳೇ ಮೊದಲು ಸತ್ತವು. ದೊಡ್ಡವು ದಿಕ್ಕು ತಪ್ಪಿದಂತೆ ಸುತ್ತುತ್ತಾ, ಒಮ್ಮೆಲೇ ಮೇಲಕ್ಕೆ ನೆಗೆಯುತ್ತಾ ಇದ್ದವು. ನೀರಿನ ಹುಳು, ಸೀಗಡಿ, ಗೊದಮೊಟ್ಟೆ ಒಂದೂ ಉಳಿದಿರಲಿಲ್ಲ. ಸತ್ತವೆಲ್ಲ ಕಾಲುವೆ ಬಂದು ಸೇರುವ ಮೂಲೆಯಲ್ಲೇ ಹೆಚ್ಚು. ಬೆಳಿಗ್ಗೆ ಟೊಮೆಟೊಗೆ ಔಷಧಿ ಹೊಡೆದು ಸ್ಪ್ರೇಯರ್ ಟ್ಯಾಂಕನ್ನು ಅದೇ ಕಾಲುವೆಯಲ್ಲಿ ತೊಳೆದವರು ಬೇರೆ ಯಾರೂ ಅಲ್ಲ, ಹೊಂಡದ ಮನೆಯ ಹಿರಿಮಗನೇ. ಪಾಪ, ಅವನಿಗೆ ಗೊತ್ತಿರಲಿಲ್ಲ.

ಈ ಲೆಕ್ಕವನ್ನು ಒಮ್ಮೆ ನೋಡಿ. ನಮ್ಮಲ್ಲಿ ಎಲ್ಲರೂ ಬಳಸುವ ಸೈಪರ್‌ಮೆಥ್ರಿನ್ ಶೇಕಡಾ 10ರ ದ್ರಾವಣದ ಒಂದು ಮಿಲಿಲೀಟರಿನಲ್ಲಿ 100 ಮಿಲಿಗ್ರಾಂ ವಿಷವಿದೆ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ, ಒಂದು ಮೀಟರ್ ಆಳದ ಹೊಂಡದಲ್ಲಿ ಒಂದು ಲಕ್ಷ ಲೀಟರ್ ನೀರು. ಆ ಒಂದು ಮಿಲಿ ಅದಕ್ಕೆ ಬೆರೆತರೆ ಲೀಟರಿಗೆ ಒಂದು ಮೈಕ್ರೋಗ್ರಾಂ ಆಯಿತು. ಹಲವು ಜಾತಿಯ ಮೀನುಗಳಿಗೆ ಇದು, ಅಥವಾ ಇದರ ಕೆಲವೇ ಪಾಲು ಹೆಚ್ಚು, ಪ್ರಾಣಾಂತಿಕ. ಬಾಟಲಿಯ ಮುಚ್ಚಳದಲ್ಲಿ ಉಳಿದದ್ದೇ ಸಾಕು ಎಂದಾಯಿತಲ್ಲವೇ? ಡೆಲ್ಟಾಮೆಥ್ರಿನ್, ಲ್ಯಾಂಬ್ಡಾ ಸೈಹಲೋಥ್ರಿನ್ ಇವೂ ಇದೇ ಕುಲದವು. ಎಂಡೋಸಲ್ಫಾನ್ ಮೀನಿಗೆ ಇದರಷ್ಟೇ ಕ್ರೂರಿಯಾಗಿತ್ತು. ಕಾಸರಗೋಡಿನ ಜನರ ಗೋಳಿನ ನಂತರ ಅದನ್ನು 2011ರಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ಡಬ್ಬಿ ಉಳಿದಿದ್ದರೆ ಅದನ್ನು ಬಳಸುವುದೂ ಬೇಡ, ಕೆರೆಗೆ ಚೆಲ್ಲುವುದೂ ಬೇಡ. ಕೃಷಿ ಇಲಾಖೆಯವರಿಗೆ ತಿಳಿಸಿ.

"ಅದೇ ನೀರನ್ನು ನಮ್ಮ ಹಸು ಕುಡಿಯಿತು, ಏನೂ ಆಗಲಿಲ್ಲ, ಹಾಗಾದರೆ ವಿಷವಲ್ಲ" ಎಂದು ಹಲವರು ವಾದಿಸುತ್ತಾರೆ. ಇದು ಸರಿಯಲ್ಲ. ಈ ಕುಲದ ಔಷಧಿಗಳನ್ನು ದನಗಳ ದೇಹ ಮೀನಿಗಿಂತ ಎಷ್ಟೋ ಪಟ್ಟು ಹೆಚ್ಚು ತಾಳಿಕೊಳ್ಳುತ್ತದೆ. ಹಾಗೆಂದು ಆ ನೀರನ್ನು ದನಗಳಿಗೆ ಕುಡಿಸಬಾರದು. ನೀಲಿ ಹಸಿರು ಬಣ್ಣದ ಪಾಚಿ ಬಣ್ಣ ಬಳಿದಂತೆ ಕೆನೆಗಟ್ಟಿದ್ದರೆ ಆ ಕಡೆಗೆ ದನ ಹೋಗದಂತೆ ನೋಡಿಕೊಳ್ಳಿ. ಅಂಥ ಪಾಚಿಯ ಕೆಲವು ಜಾತಿಗಳಲ್ಲಿ ದನವನ್ನೂ ಕೊಲ್ಲುವ ವಿಷವಿರುತ್ತದೆ.

ರೋಗದಿಂದ ಸಾಯುವುದು ಬೇರೆ ರೀತಿ. ದಿನಕ್ಕೆ ಎರಡು, ನಾಲ್ಕು, ಎಂಟು ಹೀಗೆ ಏರುತ್ತಾ ಹೋಗುತ್ತದೆ, ಮೈಮೇಲೆ ಕೆಂಪು ಗಾಯವಿರುತ್ತದೆ. 1988ರಲ್ಲಿ ಈಶಾನ್ಯ ರಾಜ್ಯಗಳಿಗೆ ಬಂದು, ಅಲ್ಲಿಂದ ದಕ್ಷಿಣಕ್ಕೂ ಹರಡಿದ ಹುಣ್ಣು ರೋಗ ಅಂಥದ್ದು. ಒಂದೇ ರಾತ್ರಿಯಲ್ಲಿ ಎಲ್ಲವೂ ಸತ್ತರೆ ರೋಗವನ್ನು ಮೊದಲು ಸಂಶಯಿಸಬೇಡಿ.

ಈಗ ಬಾಯಿ ಬಿಡುತ್ತಿರುವ ಮೀನು ಕಂಡರೆ ಮಾಡತಕ್ಕದ್ದು. ಮೇವು ಮತ್ತು ಗೊಬ್ಬರವನ್ನು ಅಂದೇ ನಿಲ್ಲಿಸಿ. ಬೋರ್‌ವೆಲ್ ನೀರನ್ನು ಪೈಪಿನಿಂದ ಎತ್ತರದಿಂದ, ಮಳೆಯಂತೆ ಚೆದುರಿ ಬೀಳುವಂತೆ ಬಿಡಿ. ಬೋರ್‌ನಿಂದ ನೇರವಾಗಿ ಬರುವ ನೀರಿನಲ್ಲಿ ಆಮ್ಲಜನಕ ಬಹಳ ಕಡಿಮೆ, ಗಾಳಿಯಲ್ಲಿ ಬಿದ್ದು ಬಂದರೆ ಮಾತ್ರ ಉಪಯೋಗ. ಬೇರೆ ನೀರಿಲ್ಲದಿದ್ದರೆ ಹೊಂಡದ ನೀರನ್ನೇ ಮೋಟಾರ್‌ನಿಂದ ಎತ್ತಿ ಅದಕ್ಕೇ ಚಿಮ್ಮಿಸಿ. ಕರೆಂಟ್ ಇಲ್ಲವೇ? ಮನೆಯವರೆಲ್ಲ ಬಿದಿರು ಕೋಲು ಹಿಡಿದು ನೀರನ್ನು ಬಡಿಯಿರಿ. ಕೆಸರನ್ನು ಮಾತ್ರ ಕಲಕಬಾರದು. ಸುಣ್ಣ ಹಾಕುವ ಮುನ್ನ ಯೋಚಿಸಿ. ಮೀನು ಸತ್ತ ಕೂಡಲೇ ಮೂಟೆಗಟ್ಟಲೆ ಸುಣ್ಣ ಸುರಿಯುವುದು ನಮ್ಮಲ್ಲಿ ರೂಢಿ. ಆದರೆ ಗೊಬ್ಬರ ಹೆಚ್ಚಾದ ನೀರಿನಲ್ಲಿ ಅಮೋನಿಯಾ ಇರುತ್ತದೆ. ಸುಣ್ಣದಿಂದ ನೀರಿನ ಕ್ಷಾರ ಏರಿದಾಗ ಅದೇ ಅಮೋನಿಯಾ ಇನ್ನಷ್ಟು ವಿಷಕಾರಿಯಾಗುತ್ತದೆ. ಉಳಿದ ಮೀನನ್ನು ನಾವೇ ಕೊಂದಂತೆ.

ಸತ್ತ ಮೀನನ್ನು ಮಾರುವುದು, ಒಣಗಿಸುವುದು, ನೆರೆಯವರಿಗೆ ಹಂಚುವುದು ಕೂಡದು. ಔಷಧಿಯ ವಿಷ ಸಾರಿನಲ್ಲಿ ಕುದಿಸಿದರೆ ಹೋಗಿಬಿಡುತ್ತದೆ ಎಂದು ನಂಬುವಂತಿಲ್ಲ. ನಾಯಿ, ಹಂದಿ, ಕೋಳಿಗೂ ಬೇಡ. ಬಾವಿಯಿಂದ ದೂರ ಗುಂಡಿ ತೋಡಿ, ಸುಣ್ಣ ಎರಚಿ ಹೂಳಿ. ಬರಿಗೈಯಲ್ಲಿ ಎತ್ತಬೇಡಿ. ಆ ನೀರಿಗಿಳಿದವರಿಗೆ ಅಥವಾ ಔಷಧಿ ಹೊಡೆದವರಿಗೆ ವಿಪರೀತ ಬೆವರು, ಜೊಲ್ಲು, ವಾಂತಿ, ಕಣ್ಣು ಮಂಜಾಗುವುದು ಇವುಗಳಲ್ಲಿ ಯಾವುದಾದರೂ ಕಂಡರೆ ಬಟ್ಟೆ ಕಳಚಿ, ಸೋಪು ಹಾಕಿ ಮೈ ತೊಳೆದು ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಔಷಧಿಯ ಡಬ್ಬಿಯ ಚೀಟಿ ಜೊತೆಯಲ್ಲಿರಲಿ, ಡಾಕ್ಟರಿಗೆ ಅದು ಬೇಕು.

ವಿಷದ ಸಂಶಯವಿದ್ದರೆ ಮೊದಲ ಎರಡು ಗಂಟೆ ಜಗಳಕ್ಕಲ್ಲ, ಸಾಕ್ಷಿಗೆ. ನೀರು ಹರಿದು ಹೋಗುತ್ತದೆ, ಮೀನು ಕೊಳೆಯುತ್ತದೆ. ಗಾಜಿನ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಅಲುಬಿ, ಮೊಣಕೈ ಆಳದಲ್ಲಿ ಗಾಳಿ ಉಳಿಯದಂತೆ ತುಂಬಿಸಿ. ಪ್ಲಾಸ್ಟಿಕ್ ಬೇಡ, ಅದು ಔಷಧಿಯನ್ನು ಹೀರಿಕೊಳ್ಳುತ್ತದೆ. ಒಂದು ಹೊಂಡದಿಂದ, ಇನ್ನೊಂದು ನೀರು ಒಳಬರುವ ಕಾಲುವೆಯಿಂದ. ಇನ್ನೂ ಪ್ರಾಣವಿರುವ ಅಥವಾ ಆಗ ತಾನೇ ಸತ್ತ ಎರಡು ಮೂರು ಮೀನುಗಳನ್ನು ಐಸಿನಲ್ಲಿಡಿ. ಊದಿಕೊಂಡ ಮೀನಿನಿಂದ ಯಾರಿಗೂ ಏನೂ ತಿಳಿಯದು. ಹೊತ್ತು, ಮೋಡ, ಗಾಳಿಯ ದಿಕ್ಕು, ಹಿಂದಿನ ಮೂರು ದಿನ ಏನೇನು ಹಾಕಿದ್ದಿರಿ ಎಂಬುದನ್ನು ಬರೆದಿಡಿ, ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಕೃಷ್ಣಗಿರಿಯ ಮೀನುಗಾರಿಕೆ ಇಲಾಖೆಗೆ ಫೋನ್ ಮಾಡಿ. ಬರೂರಿನಲ್ಲಿ ಮೀನುಗಾರಿಕೆ ವಿಶ್ವವಿದ್ಯಾಲಯದ ಕೇಂದ್ರವೂ ಇದೆ.

ಕಾರ್ಖಾನೆಯ ನೀರಿನ ಸಂಶಯವಿದ್ದರೆ ಒಂದು ಮಾತು ನೆನಪಿಡಿ. 1974ರ ಜಲ ಕಾಯಿದೆಯ ಪ್ರಕಾರ ಕೋರ್ಟಿನಲ್ಲಿ ನಿಲ್ಲುವ ಮಾದರಿಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಯೇ, ಕಾರ್ಖಾನೆಯವರಿಗೆ ನೋಟಿಸು ಕೊಟ್ಟು ತೆಗೆಯಬೇಕು. ನಾವು ತುಂಬಿದ ಬಾಟಲಿ ನಮ್ಮ ತಿಳುವಳಿಕೆಗೆ ಮಾತ್ರ. ಆದ್ದರಿಂದ ಹೊಸೂರಿನ ಮಂಡಳಿ ಕಚೇರಿಗೆ ಅಂದೇ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

ಕೆಲವರಪಳ್ಳಿ ಅಣೆಕಟ್ಟಿನ ಕಾಲುವೆ ನೀರನ್ನು ಹೊಂಡಕ್ಕೆ ಬಿಟ್ಟುಕೊಳ್ಳುವವರಿಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ನಂದಿ ಬೆಟ್ಟದ ಕಡೆ ಹುಟ್ಟಿ ಬರುವ ದಕ್ಷಿಣ ಪಿನಾಕಿನಿಗೆ ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ನೀರು ಸೇರಿಯೇ ನಮ್ಮ ಗಡಿ ದಾಟುತ್ತದೆ. ಅಣೆಕಟ್ಟಿನಿಂದ ನೀರು ಬಿಟ್ಟಾಗ ಬೆಟ್ಟದಂತೆ ಏಳುವ ನೊರೆಯನ್ನು ನಾವೆಲ್ಲ ನೋಡಿದ್ದೇವೆ. ನೊರೆ ಇರುವಾಗ, ಮೊದಲ ಮಳೆಯ ಕಪ್ಪು ನೀರು ಬರುವಾಗ ತೂಬು ಮುಚ್ಚಿರಲಿ.

ಪೇಟೆಯಲ್ಲಿರುವ ಮಕ್ಕಳು ಮನೆಯಲ್ಲಿ ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕುತ್ತಾರೆ, ಕೆಲವರು ಉಪ್ಪು ನೀರಿನ ಸಮುದ್ರ ಮೀನನ್ನೂ ತರುತ್ತಾರೆ. ಒಂದೇ ದಿನದಲ್ಲಿ ಎಲ್ಲವೂ ಸತ್ತವು ಎಂದು ನಮ್ಮನ್ನು ಕೇಳಿದವರಿದ್ದಾರೆ. ಅಲ್ಲೂ ಇದೇ ಪ್ರಶ್ನೆಗಳು. ನಲ್ಲಿಯ ಕ್ಲೋರಿನ್ ನೀರನ್ನು ಹಾಗೆಯೇ ಸುರಿದಿರಾ? ಕೋಣೆಯಲ್ಲಿ ಸೊಳ್ಳೆಗೆ ಸ್ಪ್ರೇ ಹೊಡೆದಿರಾ? ಆ ಡಬ್ಬಿಯಲ್ಲಿ ಸಾಮಾನ್ಯವಾಗಿ ಇರುವುದೂ ಗುಲಾಬಿಗೆ ಹೊಡೆಯುವ ಕುಲದ್ದೇ. ರಾತ್ರಿ ಕರೆಂಟ್ ಹೋಗಿ ಗಾಳಿ ಪಂಪು ನಿಂತಿತ್ತೇ? ಉಪ್ಪು ನೀರಾದರೆ ತಾಮ್ರದ ವಸ್ತು ಯಾವುದಾದರೂ ಬಿದ್ದಿದೆಯೇ ಎಂದೂ ನೋಡಬೇಕು.

ತಳಿ ರಸ್ತೆಯ ಮನೆಯವರು ಬೈಕನ್ನು ಒಳಗೆ ನಿಲ್ಲಿಸಿದರು. ಆ ದಿನ ನೀರು ಚಿಮ್ಮಿಸಲು ಪಕ್ಕದ ತೋಟದ ಬೋರ್‌ವೆಲ್‌ನಿಂದಲೇ ಪೈಪು ಎಳೆಯಬೇಕಾಯಿತು, ತೋಟದವನೇ ಬಂದು ಸ್ವಿಚ್ ಹಾಕಿದ. ಸುಮಾರು ಅರ್ಧದಷ್ಟು ಮೀನು ಉಳಿಯಿತು, ಫೀಸಿಗೆ ಸಾಲ ಮಾಡಬೇಕಾಯಿತು. ಎರಡು ಹೆಂಗಸರಿಗೂ ಮಾತು ಬಂದದ್ದು ಪಾಸ್ಕ ಹಬ್ಬ ಕಳೆದ ಮೇಲೆ. ಜೂನ್‌ನಲ್ಲಿ ಹೊಸ ಮರಿ ಬಿಡುವ ಮುನ್ನ ನಾವು ಹೇಳಿದಂತೆ ಹತ್ತು ಮರಿಗಳನ್ನು ಬಲೆಯ ಚೀಲದಲ್ಲಿ ಕಟ್ಟಿ ಹೊಂಡದಲ್ಲಿ ಇಳಿಬಿಟ್ಟರು. ಮೂರನೆಯ ದಿನ ಬೆಳಗಿನ ಜಾವ ಟಾರ್ಚು ಹಿಡಿದು ಎಣಿಸಿದಾಗ ಹತ್ತೂ ಓಡಾಡುತ್ತಿದ್ದವು. ಆ ಮೇಲೆಯೇ ಉಳಿದ ಮರಿಗಳನ್ನು ತಂದರು.