ಬಣ್ಣ ಯಾರ ಲೆಕ್ಕಕ್ಕೆ?

ಚನ್ನಪಟ್ಟಣದ ಬೊಂಬೆಗೆ ಬಣ್ಣ ಹಿಡಿಯುವ ಬಗೆ ಸೊಗಸಾದುದು. ತಿರುಗುವ ಆಲೆಮರದ ತುಂಡಿಗೆ ಅರಗಿನ ಕಡ್ಡಿಯನ್ನು ಒತ್ತಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಬಣ್ಣವು ಮರವನ್ನು ಸೇರಿಬಿಡುತ್ತದೆ, ಸುಲಭವಾಗಿ ಬಿಡದು.

ಅದೇ ಊರಿನ ಚುನಾವಣೆಯ ಬಣ್ಣಗಳ ಪಾಡು ಬೇರೆ. 2023ರಲ್ಲಿ ಎದುರಾಳಿಗಳಾಗಿದ್ದ ಹಸಿರೂ ಕೇಸರಿಯೂ 2024ರ ನವೆಂಬರಿನ ಉಪಚುನಾವಣೆಯಲ್ಲಿ ಮಿತ್ರರು. ಮೊದಲು ಕೇಸರಿಯ ಪಾಳೆಯದಲ್ಲಿದ್ದ ಸಿ.ಪಿ. ಯೋಗೇಶ್ವರರು ಕಾಂಗ್ರೆಸ್ಸಿನಿಂದ ನಿಂತು ಗೆದ್ದರು. ಅಮೆರಿಕದಲ್ಲಿಯೂ ರಿಪಬ್ಲಿಕನ್ನರಿಗೆ ಕೆಂಪು, ಡೆಮಾಕ್ರಟರಿಗೆ ನೀಲಿ ಎಂಬ ರೂಢಿ ನೆಲೆಗೊಂಡದ್ದು 2000ದ ಚುನಾವಣೆಯಿಂದೀಚೆಗೆ ಮಾತ್ರ.

ಆ ಉಪಚುನಾವಣೆಯ ದಿನಗಳಲ್ಲಿ, ಮೊದಲ ಮತವನ್ನು ಹಾಕಲಿದ್ದ ವಿದ್ಯಾರ್ಥಿಯೊಬ್ಬನು ಪ್ರಚಾರದವರು ಕೊಟ್ಟ ಶಾಲನ್ನು ತೋರಿಸಿ, “ಸಾರ್, ಇದು ಯಾರ ಲೆಕ್ಕಕ್ಕೆ?” ಎಂದನು. ಮಾಗಡಿ, ಕನಕಪುರ, ರಾಮನಗರಗಳಿಂದ ಬರುವ ಅವನ ಗೆಳೆಯರು ನಕ್ಕರು. ನಾನು ನಗಲಾರದೆ ಹೋದೆ.

ನಮ್ಮಲ್ಲಿ ವಿಧಾನಸಭೆಯ ಅಭ್ಯರ್ಥಿಗೆ ವೆಚ್ಚದ ಮಿತಿ 40 ಲಕ್ಷ ರೂಪಾಯಿ. ಪಕ್ಷಕ್ಕೆ ಮಿತಿಯೇ ಇಲ್ಲ. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1976ರಲ್ಲಿ, ಸರ್ಕಾರದ ನಿಧಿಯನ್ನು ಪಡೆಯದ ಅಭ್ಯರ್ಥಿಯ ಮಿತಿಯನ್ನೂ ತೆಗೆದುಹಾಕಿತು. ಅವರು ಬಾಗಿಲನ್ನೇ ಕಿತ್ತರು. ನಾವು ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲನ್ನು ತೆರೆದಿಟ್ಟೆವು.

ಆದರೂ ಹುಡುಗನಿಗೆ ಉತ್ತರವುಂಟು. ಫಲಿತಾಂಶದ 30 ದಿನಗಳೊಳಗೆ ಅಭ್ಯರ್ಥಿಯು ಜಿಲ್ಲಾ ಚುನಾವಣಾಧಿಕಾರಿಗೆ ಲೆಕ್ಕ ಒಪ್ಪಿಸಬೇಕು. 1961ರ ನಿಯಮದಂತೆ ಒಂದು ರೂಪಾಯಿ ಶುಲ್ಕ ತೆತ್ತು ಯಾರು ಬೇಕಾದರೂ ಅದನ್ನು ನೋಡಬಹುದು. ಮರುದಿನ ತರಗತಿಯಲ್ಲಿ ಇಷ್ಟನ್ನೇ ಹೇಳಿದೆ. ಈ ಸಲ ಯಾರೂ ನಗಲಿಲ್ಲ.